ತೇಲುವುದೇಕೆ, ಮುಳುಗುವುದೇಕೆ? ಕೃಷ್ಣಾ ತೀರದವರು ಅರಿತಿರಬೇಕಾದ ಲೆಕ್ಕ

ಚಿಕ್ಕೋಡಿ: ಸಹ್ಯಾದ್ರಿಯಲ್ಲಿ ಮಳೆ ಬಿರುಸುಗೊಂಡಿತೆಂದರೆ ಬೆಳಗಾವಿ ಜಿಲ್ಲೆಯ ಗಡಿ ತಾಲೂಕುಗಳಲ್ಲಿ ಆತಂಕ ಆರಂಭವಾಗುತ್ತದೆ. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಕರ್ನಾಟಕದತ್ತ ಸಾಗಿ ಬರುತ್ತಾಳೆ. ನಿಪ್ಪಾಣಿ ಭಾಗದ ವೇದಗಂಗೆಯ ನೀರು ದೂಧಗಂಗೆಯ ಮೂಲಕ ಅದೇ ಕೃಷ್ಣೆಯ ಒಡಲು ಸೇರುತ್ತದೆ. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭಿವಶಿ ಮುಂತಾದ ಕೆಳಮಟ್ಟದ ಸೇತುವೆಗಳು ಒಂದರ ಹಿಂದೊಂದು ಜಲಾವೃತವಾಗುವುದು ಇಲ್ಲಿ ಮಳೆಗಾಲದ ಮಾಮೂಲು ಸುದ್ದಿ.

2005, 2019 ಮತ್ತು 2021ರ ಮಹಾಪೂರಗಳು ಮಾತ್ರ ಮಾಮೂಲು ಸುದ್ದಿಯಾಗಿರಲಿಲ್ಲ. 2019 ಹಾಗೂ 2021ರಲ್ಲಿ ಯಮಗರ್ಣಿ ಬಳಿ ವೇದಗಂಗೆಯ ನೀರು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯನ್ನೇ ಆವರಿಸಿತು. ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ನದಿ ತೀರದ ಊರುಗಳಿಂದ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಕಾಗವಾಡದಾಚೆ ಇದೇ ಕೃಷ್ಣೆಯ ಮೇಲ್ಭಾಗದಲ್ಲಿರುವ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ 2019ರ ಆಗಸ್ಟ್ 8ರಂದು ನೆರೆ ಸಂತ್ರಸ್ತರನ್ನು ಸಾಗಿಸುತ್ತಿದ್ದ ದೋಣಿಯೊಂದು ಮಗುಚಿ, ಹತ್ತಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ದೋಣಿಯಲ್ಲಿ ಮಿತಿಮೀರಿ ಜನ ತುಂಬಿದ್ದರು.

ವಸ್ತುವೊಂದು ನೀರಿನಲ್ಲಿ ತೇಲುವುದೇಕೆ, ಮುಳುಗುವುದೇಕೆ ಎಂಬ ಪ್ರಶ್ನೆ ಆದ್ದರಿಂದ ಈ ಐದು ತಾಲೂಕುಗಳಿಗೆ ಪಠ್ಯಪುಸ್ತಕದ ಪ್ರಶ್ನೆಯಷ್ಟೇ ಅಲ್ಲ. ಅದು ಜೀವದ ಪ್ರಶ್ನೆಯೂ ಹೌದು.

ಆರ್ಕಿಮಿಡೀಸ್ ಕಂಡ ಸತ್ಯ

ಬಾವಿಯಿಂದ ನೀರು ಸೇದುವವರೆಲ್ಲ ಒಂದು ಸಂಗತಿಯನ್ನು ಬಲ್ಲರು. ತುಂಬಿದ ಕೊಡ ನೀರಿನೊಳಗಿರುವವರೆಗೆ ಹಗುರವಾಗಿರುತ್ತದೆ. ನೀರಿನಿಂದ ಹೊರಬಂದ ಕ್ಷಣವೇ ಹಗ್ಗ ಬಿಗಿದು ಅದರ ನಿಜವಾದ ಭಾರ ಕೈಗೆ ತಾಗುತ್ತದೆ. ನೀರೊಳಗಿದ್ದಾಗ ಕೊಡವನ್ನು ಯಾವುದೋ ಶಕ್ತಿ ಕೆಳಗಿನಿಂದ ಎತ್ತಿ ಹಿಡಿದಿರುತ್ತದೆ ಎಂದಾಯಿತು. ವಿಜ್ಞಾನ ಇದನ್ನು ಪ್ಲವನ ಬಲ ಎಂದು ಕರೆಯುತ್ತದೆ.

ಈ ಬಲ ಹುಟ್ಟುವುದು ನೀರಿನ ಒತ್ತಡದ ವ್ಯತ್ಯಾಸದಿಂದ. ಆಳಕ್ಕಿಳಿದಂತೆ ಮೇಲಿನ ನೀರಿನ ಭಾರ ಹೆಚ್ಚುವುದರಿಂದ ಒತ್ತಡವೂ ಹೆಚ್ಚುತ್ತದೆ. ನೀರಿನಲ್ಲಿರುವ ವಸ್ತುವಿನ ತಳಭಾಗ ಮೇಲ್ಭಾಗಕ್ಕಿಂತ ಆಳದಲ್ಲಿರುತ್ತದೆ. ಹಾಗಾಗಿ ತಳವನ್ನು ಮೇಲಕ್ಕೆ ನೂಕುವ ಒತ್ತಡವು ನೆತ್ತಿಯನ್ನು ಕೆಳಕ್ಕೆ ಅದುಮುವ ಒತ್ತಡಕ್ಕಿಂತ ಹೆಚ್ಚು. ಇವೆರಡರ ವ್ಯತ್ಯಾಸವೇ ಮೇಲ್ಮುಖವಾದ ಪ್ಲವನ ಬಲ.

ಈ ಬಲ ಎಷ್ಟೆಂಬುದನ್ನು ಮೊದಲು ನಿಖರವಾಗಿ ಹೇಳಿದವನು ಸಿಸಿಲಿಯ ಸಿರಾಕ್ಯೂಸ್ ನಗರದ ಆರ್ಕಿಮಿಡೀಸ್. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಬಾಳಿದ ಆತ, ತೇಲುವ ವಸ್ತುಗಳ ಕುರಿತು ಗ್ರಂಥವನ್ನೇ ರಚಿಸಿದ್ದಾನೆ. ರಾಜನ ಕಿರೀಟದ ಚಿನ್ನವನ್ನು ಪರೀಕ್ಷಿಸುವ ಬಗೆ ಸ್ನಾನದ ತೊಟ್ಟಿಯಲ್ಲಿ ಹೊಳೆದು ಆತ ಬೀದಿಗೆ ಓಡಿದ ಎಂಬ ಕಥೆಯನ್ನು ಬರೆದಿಟ್ಟವನು ಸುಮಾರು ಎರಡು ಶತಮಾನಗಳ ನಂತರದ ರೋಮನ್ ಲೇಖಕ ವಿಟ್ರುವಿಯಸ್. ಕಥೆಯ ಮಾತು ಹೇಗೇ ಇರಲಿ, ತತ್ವ ಮಾತ್ರ ಇಂದಿಗೂ ಅಚಲ. ದ್ರವದಲ್ಲಿ ಮುಳುಗಿದ ವಸ್ತು ತಾನು ಎಷ್ಟು ದ್ರವವನ್ನು ಪಕ್ಕಕ್ಕೆ ಸರಿಸುತ್ತದೆಯೋ, ಅಷ್ಟು ದ್ರವದ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ನೂಕುತ್ತದೆ.

ಸಾಂದ್ರತೆಯೇ ಮಾನದಂಡ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅಂದರೆ ಒಂದು ಲೀಟರ್ ಜಾಗವನ್ನು ಆಕ್ರಮಿಸುವ ಯಾವುದೇ ವಸ್ತುವನ್ನು ನೀರು ಒಂದು ಕಿಲೋ ಭಾರದಷ್ಟು ಎತ್ತಿ ಹಿಡಿಯಬಲ್ಲದು. ವಸ್ತುವಿನ ತೂಕ ಅದಕ್ಕಿಂತ ಕಡಿಮೆ ಇದ್ದರೆ ತೇಲುತ್ತದೆ, ಹೆಚ್ಚಿದ್ದರೆ ಮುಳುಗುತ್ತದೆ. ಒಟ್ಟು ತೂಕ ಎಷ್ಟೆಂಬುದು ಇಲ್ಲಿ ಮುಖ್ಯವಲ್ಲ. ಆಕ್ರಮಿಸಿದ ಜಾಗಕ್ಕೆ ಹೋಲಿಸಿದರೆ ತೂಕ ಎಷ್ಟು ಎಂಬುದೇ ಮುಖ್ಯ. ಇದನ್ನೇ ಸಾಂದ್ರತೆ ಎನ್ನುತ್ತಾರೆ.

ನೀರಿನ ಸಾಂದ್ರತೆಯನ್ನು 1 ಎಂದಿಟ್ಟುಕೊಂಡರೆ ಕಬ್ಬಿಣದ್ದು ಸುಮಾರು 7.8. ಶೇಂಗಾ ಎಣ್ಣೆಯದು 0.91ರ ಆಸುಪಾಸು, ಸೀಮೆಎಣ್ಣೆಯದು ಸುಮಾರು 0.8. ಹೊತ್ತಿದ ಎಣ್ಣೆಗೆ ನೀರು ಸುರಿಯಬಾರದು ಎಂಬ ಎಚ್ಚರಿಕೆಯ ಹಿಂದೆಯೂ ಈ ಅಂಕಿಗಳಿವೆ. ಭಾರವಾದ ನೀರು ಎಣ್ಣೆಯ ತಳಕ್ಕಿಳಿದು, ಕಾವಿಗೆ ಆವಿಯಾಗಿ ಸಿಡಿದು, ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ.

ಗುಂಡುಸೂಜಿ ಮುಳುಗುವಾಗ ಉಕ್ಕಿನ ಹಡಗು ತೇಲುವುದು ಹೇಗೆ? ಹಡಗೆಂದರೆ ಬರೀ ಉಕ್ಕಲ್ಲ, ಅದರೊಳಗಿನ ಬಹುಪಾಲು ಗಾಳಿ. ಉಕ್ಕು ಮತ್ತು ಗಾಳಿ ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆಯಾಗುತ್ತದೆ. ಕಾರವಾರದ ನೌಕಾನೆಲೆಯನ್ನು ತನ್ನ ತಾಣವಾಗಿಸಿಕೊಂಡ ವಿಮಾನವಾಹಕ ನೌಕೆ ಐಎನ್ಎಸ್ ವಿಕ್ರಮಾದಿತ್ಯ ಸುಮಾರು 45 ಸಾವಿರ ಟನ್ ತೂಗುತ್ತದೆ. ಅಷ್ಟೇ ತೂಕದ ಸಮುದ್ರದ ನೀರನ್ನು ಸರಿಸಿ ಅದು ನಿಂತಿದೆ. ಅದೇ ಉಕ್ಕನ್ನು ಕರಗಿಸಿ ಗಟ್ಟಿ ಮುದ್ದೆ ಮಾಡಿದರೆ ಕ್ಷಣಮಾತ್ರದಲ್ಲಿ ತಳ ಕಾಣುತ್ತದೆ!

ಹಾಲಿನ ಡೇರಿ, ಸಕ್ಕರೆ ಕಾರ್ಖಾನೆ

ಗಡಿ ತಾಲೂಕುಗಳ ಜನಜೀವನದಲ್ಲಿ ಈ ತತ್ವ ದಿನನಿತ್ಯ ಬಳಕೆಯಲ್ಲಿದೆ. ಹಾಲಿನ ಡೇರಿಯ ಲ್ಯಾಕ್ಟೋಮೀಟರ್ ಅದಕ್ಕೆ ಮೊದಲ ಉದಾಹರಣೆ. ತಳದಲ್ಲಿ ಭಾರ ತುಂಬಿದ ಈ ಗಾಜಿನ ಕೊಳವೆ ಗಟ್ಟಿ ಹಾಲಿನಲ್ಲಿ ಮೇಲೆದ್ದು ನಿಲ್ಲುತ್ತದೆ, ನೀರು ಬೆರೆತ ಹಾಲಿನಲ್ಲಿ ಕೆಳಗಿಳಿಯುತ್ತದೆ. ಶುದ್ಧ ಹಾಲಿನ ಸಾಂದ್ರತೆ ಸಾಮಾನ್ಯವಾಗಿ 1.028ರಿಂದ 1.032ರ ನಡುವೆ ಇರುವುದರಿಂದ, ಲ್ಯಾಕ್ಟೋಮೀಟರ್ 28ರಿಂದ 32ರ ಗೆರೆಯ ಬಳಿ ನಿಂತರೆ ಹಾಲು ಸರಿಯಿದೆ ಎಂದು ಎಣಿಸಲಾಗುತ್ತದೆ.

ಈ ಉಪಕರಣಕ್ಕೂ ಮಿತಿಯುಂಟು. ನೀರು ಬೆರೆಸಿದಾಗ ಸಾಂದ್ರತೆ ಇಳಿಯುತ್ತದೆ, ಹಗುರವಾದ ಕೆನೆ ತೆಗೆದಾಗ ಏರುತ್ತದೆ. ಕೆನೆ ತೆಗೆದು ಅಷ್ಟಿಷ್ಟು ನೀರು ಸುರಿದರೆ ಲ್ಯಾಕ್ಟೋಮೀಟರ್ ಮೋಸಹೋಗಬಹುದು. ಜಿಡ್ಡಿನ ಅಂಶವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ದರ ನಿಗದಿ ಮಾಡುವುದು ಇದೇ ಕಾರಣಕ್ಕೆ.

ಕಬ್ಬಿನ ರಸದ ಸಿಹಿ ಅಳೆಯುವ ಬ್ರಿಕ್ಸ್ ಹೈಡ್ರೋಮೀಟರ್ ಕೂಡ ಇದೇ ಕುಟುಂಬದ್ದು. ರಸದಲ್ಲಿ ಕರಗಿದ ಘನಾಂಶ ಹೆಚ್ಚಿದಷ್ಟೂ ಸಾಂದ್ರತೆ ಏರಿ ಕೊಳವೆ ಮೇಲೇಳುತ್ತದೆ. 18 ಬ್ರಿಕ್ಸ್ ರಸ ನೀರಿಗಿಂತ ಸುಮಾರು ಶೇ 7ರಷ್ಟು ಹೆಚ್ಚು ಸಾಂದ್ರ. ಸಕ್ಕರೆ ತೆಗೆದ ಬಳಿಕ ಉಳಿಯುವ ಕಾಕಂಬಿಯ ಸಾಂದ್ರತೆ 1.4ರಷ್ಟು ಇರುತ್ತದೆ. ಉಗಾರ ಖುರ್ದದಿಂದ ನಿಪ್ಪಾಣಿಯವರೆಗೆ ಹರಡಿರುವ ಕಬ್ಬಿನ ನಾಡಿನಲ್ಲಿ ಆರ್ಕಿಮಿಡೀಸನ ಹೆಸರು ಕೇಳದವರೂ ಆತನ ನಿಯಮವನ್ನು ನೆಚ್ಚಿದ್ದಾರೆ.

ಬಿತ್ತನೆಯಲ್ಲಿಯೂ ಇದರ ಉಪಯೋಗವಿದೆ. ಸಜ್ಜೆಯ ಬೀಜವನ್ನು ಉಪ್ಪಿನ ನೀರಿನಲ್ಲಿ ಸುರಿದರೆ ಅರ್ಗಟ್ ರೋಗದ ಗಂಟುಗಳು ಹಾಗೂ ಜೊಳ್ಳು ಕಾಳು ಮೇಲೆ ತೇಲುತ್ತವೆ, ಗಟ್ಟಿ ಕಾಳು ತಳ ಸೇರುತ್ತದೆ. ಉಪ್ಪು ಕರಗಿದ ನೀರಿನ ಸಾಂದ್ರತೆ ಹೆಚ್ಚಿರುವುದರಿಂದ, ಬರೀ ನೀರಿನಲ್ಲಿ ಮುಳುಗಿಬಿಡುವ ಹಗುರ ಕಾಳೂ ಅಲ್ಲಿ ಸಿಕ್ಕಿಬೀಳುತ್ತದೆ. ಹೀಗೆ ಆರಿಸಿದ ಬೀಜವನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಬಿತ್ತಬೇಕು.

ಮನುಷ್ಯ ದೇಹದ ತೇಲುವಿಕೆ

ಮನುಷ್ಯನ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಅತಿ ಸಮೀಪ. 60 ಕಿಲೋ ತೂಕದ ವ್ಯಕ್ತಿ ಎದೆ ತುಂಬ ಉಸಿರೆಳೆದಾಗ ಆತನ ದೇಹದ ಗಾತ್ರ ಸುಮಾರು 61 ಲೀಟರ್ ಮೀರುತ್ತದೆ, ಆಗ ತೇಲುತ್ತಾನೆ. ಉಸಿರನ್ನು ಪೂರ್ತಿ ಹೊರಬಿಟ್ಟರೆ ಗಾತ್ರ 60 ಲೀಟರಿಗಿಂತ ಕಡಿಮೆಯಾಗಿ ಮುಳುಗತೊಡಗುತ್ತಾನೆ. ಬದುಕು ಸಾವಿನ ನಡುವೆ ಇರುವುದು ಎದೆಗೂಡಿನ ಎರಡು ಮೂರು ಲೀಟರ್ ಗಾಳಿ ಮಾತ್ರ.

ಉಸಿರು ತುಂಬಿಕೊಂಡರೂ ದೇಹದ ಶೇ 2ರಷ್ಟು ಭಾಗವಷ್ಟೇ ನೀರಿನಿಂದ ಹೊರಗುಳಿಯಬಲ್ಲದು. ಆ ಭಾಗ ಮೂಗು-ಬಾಯಿ ಆಗಿರಬೇಕೇ ಹೊರತು ಕೈ ಆಗಿರಬಾರದು. ಗಾಬರಿಯಲ್ಲಿ ಎರಡೂ ಕೈ ಮೇಲೆತ್ತಿ ಕೂಗುವವರು ಬೇಗ ಮುಳುಗುವುದಕ್ಕೆ ಕಾರಣವಿದು. ನೀರು ಹೊತ್ತಿದ್ದ ಕೈಗಳ ಭಾರವನ್ನು ಆಗ ದೇಹವೇ ಹೊರಬೇಕಾಗಿ, ತಲೆ ನೀರೊಳಗೆ ಇಳಿಯುತ್ತದೆ. ಅಂಗಾತ ಮಲಗಿ, ಮುಖ ಮೇಲಿರಿಸಿ, ಕೈಗಳನ್ನು ನೀರಿನೊಳಗೇ ಚಾಚುವುದು ಸುರಕ್ಷಿತ ಕ್ರಮ.

ತಲೆಯನ್ನು ನೀರಿನ ಮೇಲಿಡಲು ಬೇಕಾದ ಹೆಚ್ಚುವರಿ ಆಸರೆ ಕೆಲವೇ ಕಿಲೋಗಳಷ್ಟು. ಐದು ಲೀಟರ್ ಗಾತ್ರದ ಒಣಗಿದ ಸೋರೆ ಬುರುಡೆ ಅರ್ಧ ಕಿಲೋ ತೂಗಿದರೂ ನಾಲ್ಕೂವರೆ ಕಿಲೋ ಭಾರವನ್ನು ಎತ್ತಿ ಹಿಡಿಯಬಲ್ಲದು. ಹಳ್ಳಿಗಳಲ್ಲಿ ಬೆನ್ನಿಗೆ ಬುರುಡೆ ಕಟ್ಟಿಕೊಂಡು ಈಜು ಕಲಿಯುವ ಪದ್ಧತಿ ಈ ಲೆಕ್ಕದ ಮೇಲೆಯೇ ನಿಂತಿದೆ. 2014ರಲ್ಲಿ ಇದೇ ಕೃಷ್ಣೆಯ ಕೆಳಭಾಗದ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿಯಲ್ಲಿ ತುಂಬು ಗರ್ಭಿಣಿಯೊಬ್ಬರು, ಸುತ್ತಲೂ ಪ್ರವಾಹವಿದ್ದು ಬೇರೆ ದಾರಿ ಕಾಣದೆ, ಒಣಗಿದ ಸೋರೆ-ಕುಂಬಳ ಬುರುಡೆಗಳನ್ನು ಕಟ್ಟಿಕೊಂಡು ಮನೆಯವರ ನೆರವಿನಿಂದ ನದಿ ಈಜಿ ದಡ ಸೇರಿದ ಸುದ್ದಿ ದೇಶ ವಿದೇಶಗಳ ಗಮನ ಸೆಳೆದಿತ್ತು. ಅದು ಸಾಹಸವೆಂದು ಮೆಚ್ಚುವುದಕ್ಕಿಂತ, ಅಂಥ ಅನಿವಾರ್ಯತೆ ಒದಗಿತಲ್ಲ ಎಂದು ಮರುಗಬೇಕಾದ ಪ್ರಸಂಗ.

ವಯಸ್ಕರ ಸಾಮಾನ್ಯ ಲೈಫ್ ಜಾಕೆಟ್ ಸುಮಾರು ಹತ್ತು ಕಿಲೋ ಭಾರದಷ್ಟು ಆಸರೆ ನೀಡುತ್ತದೆ. ಬುರುಡೆ, ಕೊಡ, ಕ್ಯಾನುಗಳಿಗಿಂತ ಅದು ಮೇಲು. ಪ್ರಜ್ಞೆ ತಪ್ಪಿದವರ ಮುಖವನ್ನೂ ನೀರಿನಿಂದ ಮೇಲಕ್ಕೆ ಹಿಡಿಯುವಂತೆ ಒಳ್ಳೆಯ ಜಾಕೆಟ್ ರೂಪುಗೊಂಡಿರುತ್ತದೆ. ಕೊಡ ಕೈಜಾರಿದರೆ ಅಥವಾ ಅದರೊಳಗೆ ನೀರು ನುಗ್ಗಿದರೆ ಆಸರೆಯೇ ಇಲ್ಲ.

ದೋಣಿಯ ಭಾರ ಮಿತಿ

ಐದು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಚಪ್ಪಟೆ ತಳದ ದೋಣಿಯೊಂದನ್ನು ಊಹಿಸಿಕೊಳ್ಳೋಣ. ತಳದ ವಿಸ್ತೀರ್ಣ ಏಳೂವರೆ ಚದರ ಮೀಟರ್. ಈ ದೋಣಿ ಒಂದು ಸೆಂಟಿಮೀಟರ್ ಕೆಳಗಿಳಿದರೆ 75 ಲೀಟರ್ ನೀರು ಸರಿಯುತ್ತದೆ, ಅಂದರೆ 75 ಕಿಲೋ ಭಾರಕ್ಕೆ ಆಸರೆ ಸಿಗುತ್ತದೆ. ಗಂಟುಮೂಟೆಯೊಂದಿಗೆ ಏರುವ ಪ್ರತಿಯೊಬ್ಬರೂ ದೋಣಿಯನ್ನು ಸುಮಾರು ಒಂದು ಸೆಂಟಿಮೀಟರ್ ಕೆಳಗಿಳಿಸುತ್ತಾರೆ ಎಂದಾಯಿತು.

ದೋಣಿಯ ಸ್ವಂತ ತೂಕ 300 ಕಿಲೋ ಇದ್ದರೆ ಖಾಲಿ ಇದ್ದಾಗಲೇ ಅದು ನಾಲ್ಕು ಸೆಂಟಿಮೀಟರ್ ಮುಳುಗಿರುತ್ತದೆ. ಅಂಚಿನ ಎತ್ತರ 40 ಸೆಂಟಿಮೀಟರ್ ಎಂದಾದರೆ, ಬರೀ ಲೆಕ್ಕದ ಪ್ರಕಾರ 36 ಜನ ಏರುವವರೆಗೂ ದೋಣಿ ತೇಲಬೇಕು. ಆದರೆ ಆ ಲೆಕ್ಕ ನಿಂತ ನೀರಿಗೆ, ಅಲುಗಾಡದ ಜನರಿಗೆ ಮಾತ್ರ ಅನ್ವಯ. ಅಂಚು ಮತ್ತು ನೀರಿನ ನಡುವೆ ಗೇಣುದ್ದ ಜಾಗ ಉಳಿಯದಿದ್ದರೆ ಒಂದು ಸಣ್ಣ ಅಲೆ ಸಾಕು. ಒಳಗೆ ಐದು ಸೆಂಟಿಮೀಟರ್ ನೀರು ನುಗ್ಗಿತೆಂದರೆ 375 ಕಿಲೋ ಭಾರ ಏರಿದಂತೆ, ಅಂದರೆ ಐದು ಜನ ಹೊಸದಾಗಿ ಹತ್ತಿದಂತೆ. ಈ ನೀರು ಒಂದೆಡೆ ನಿಲ್ಲುವುದೂ ಇಲ್ಲ. ದೋಣಿ ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ.

ತೇಲುವುದು ಒಂದು ಸಂಗತಿ, ಮಗುಚದೆ ತೇಲುವುದು ಮತ್ತೊಂದು. ಜನ ತಳದಲ್ಲಿ ಕುಳಿತಿದ್ದಾಗ ಭಾರದ ಕೇಂದ್ರ ಕೆಳಗಿರುತ್ತದೆ. ದೋಣಿ ತುಸು ವಾಲಿದರೂ ವಾಲಿದ ಬದಿ ಹೆಚ್ಚು ಮುಳುಗಿ, ಅಲ್ಲಿ ಪ್ಲವನ ಬಲ ಹೆಚ್ಚಿ, ದೋಣಿಯನ್ನು ಮತ್ತೆ ನೇರಗೊಳಿಸುತ್ತದೆ. ಎಲ್ಲರೂ ಎದ್ದು ನಿಂತರೆ ಭಾರದ ಕೇಂದ್ರ ಮೇಲೇರುತ್ತದೆ. ಎಲ್ಲರೂ ಒಂದೇ ಬದಿಗೆ ಸರಿದರೆ ನೇರಗೊಳ್ಳುವ ಶಕ್ತಿಯೇ ಉಡುಗುತ್ತದೆ. ದಡ ಸಮೀಪಿಸಿದಾಗ ಇಳಿಯುವ ಆತುರಕ್ಕೆ ಎಲ್ಲರೂ ಒಮ್ಮೆಲೇ ಏಳುವುದು ಇದೇ ಕಾರಣಕ್ಕೆ ಅಪಾಯಕಾರಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಮೃತಪಟ್ಟಾಗಲೂ ಸಾಮರ್ಥ್ಯ ಮೀರಿ ಜನ ಏರಿದ್ದರೆಂದು ವರದಿಯಾಗಿತ್ತು.

ಹಡಗಿನ ಮೈಮೇಲೆ ಭಾರದ ಗೆರೆ ಎಳೆದು, ಅದು ಮುಳುಗುವಷ್ಟು ಸರಕು ಹೇರುವುದನ್ನು ತಡೆಯಬೇಕೆಂದು ಬ್ರಿಟಿಷ್ ಸಂಸದ ಸ್ಯಾಮ್ಯುಯಲ್ ಪ್ಲಿಮ್ಸಾಲ್ ಹೋರಾಡಿದ್ದರಿಂದ 1876ರಲ್ಲಿ ಅಲ್ಲಿ ಕಾನೂನು ಬಂತು. ಇಂದಿಗೂ ಹಡಗುಗಳ ಮೇಲಿನ ಆ ಗೆರೆ ಅವರ ಹೆಸರಿನಲ್ಲಿದೆ. ಊರ ದೋಣಿಗೂ ಬಣ್ಣದ ಒಂದು ಗೆರೆ ಬಳಿಯಲು ದೊಡ್ಡ ಖರ್ಚೇನೂ ಇಲ್ಲ. ಗೆರೆ ನೀರಿಗೆ ತಾಗಿದೊಡನೆ ಜನ ಹತ್ತಿಸಿಕೊಳ್ಳುವುದನ್ನು ನಿಲ್ಲಿಸುವ ಮನಸ್ಸು ಬೇಕಷ್ಟೆ.

ಸೇತುವೆಯ ಮೇಲೆ ಮೊಣಕಾಲುದ್ದ ನೀರು

ಜಲಾವೃತ ಸೇತುವೆಯ ಮೇಲೆ ವಾಹನ ಓಡಿಸುವವರು ವಾಹನದ ಭಾರವನ್ನೇ ನಂಬುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. 900 ಕಿಲೋ ತೂಕದ ಸಣ್ಣ ಕಾರಿನ ತಳ ಸುಮಾರು ಐದು ಚದರ ಮೀಟರ್ ಇರುತ್ತದೆ. ನೀರು ತಳದಿಂದ ಹತ್ತು ಸೆಂಟಿಮೀಟರ್ ಮೇಲೇರಿದರೆ 500 ಕಿಲೋ ಭಾರವನ್ನು ನೀರೇ ಹೊರುತ್ತದೆ. 18 ಸೆಂಟಿಮೀಟರ್ ಏರಿದರೆ ಇಡೀ ಕಾರನ್ನು ಎತ್ತುತ್ತದೆ. ಕಾರಿನ ತಳ ರಸ್ತೆಯಿಂದ 17 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ ಎಂದರೂ, ಒಂದು ಅಡಿಗಿಂತ ತುಸು ಹೆಚ್ಚು ನೀರಿನಲ್ಲಿ ಕಾರು ತೇಲತೊಡಗುತ್ತದೆ.

ಪೂರ್ತಿ ತೇಲುವ ಮೊದಲೇ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಹಿಡಿತ ಸಡಿಲುತ್ತದೆ. ಆಗ ಬದಿಯಿಂದ ಬಡಿಯುವ ಸೆಳವು ಕಾರನ್ನು ಸರಾಗವಾಗಿ ಸೇತುವೆಯಿಂದ ತಳ್ಳಬಲ್ಲದು. ಹರಿವಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸದ ಎರಡು ಅಡಿ ನೀರು ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗಬಲ್ಲದೆಂದೂ, ಅರ್ಧ ಅಡಿ ನೀರು ವಯಸ್ಕರ ಕಾಲು ಕೀಳಬಲ್ಲದೆಂದೂ ಅಮೆರಿಕದ ಹವಾಮಾನ ಸೇವೆ ಎಚ್ಚರಿಸುತ್ತದೆ.

ನದಿಯ ಬಲದ ಅಂದಾಜು ಬೇಕಿದ್ದರೆ ಕ್ಯೂಸೆಕ್ ಅಂಕಿಯನ್ನು ತೂಕಕ್ಕೆ ಬದಲಿಸಿ ನೋಡಬಹುದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಕೃಷ್ಣೆಯಲ್ಲಿ ಎರಡು ಲಕ್ಷ ಕ್ಯೂಸೆಕ್ ಹರಿಯುತ್ತಿದೆ ಎಂದು ಸುದ್ದಿ ಬಂದರೆ, ಪ್ರತಿ ಸೆಕೆಂಡಿಗೆ ಸುಮಾರು 5,660 ಟನ್ ನೀರು ಸಾಗುತ್ತಿದೆ ಎಂದರ್ಥ. ಅದರೆದುರು ಎರಡು ಟನ್ನಿನ ಟ್ರ್ಯಾಕ್ಟರ್ ಯಾವ ಲೆಕ್ಕ?

ನೆರೆ ನೀರಿನ ಇತರ ಅಪಾಯಗಳು

ನೆರೆಯ ನೀರು ಕೆಂಪಡರಿ ಮಂದವಾಗಿ ಕಂಡರೂ ಅದರಲ್ಲಿ ತೇಲುವುದು ಸುಲಭವಾಗುವುದಿಲ್ಲ. ಲೀಟರಿಗೆ ಐದು ಗ್ರಾಂ ಮಣ್ಣು ಬೆರೆತರೂ ಸಾಂದ್ರತೆ ಹೆಚ್ಚುವುದು ಶೇ 0.3ರಷ್ಟು ಮಾತ್ರ. ಬ್ಯಾರೇಜಿನ ಕೆಳಗೆ ನೊರೆಯೆದ್ದು ಬೆಳ್ಳಗೆ ಕುದಿಯುವ ನೀರು ಇನ್ನೂ ಅಪಾಯಕಾರಿ. ಗಾಳಿಯ ಗುಳ್ಳೆಗಳು ಬೆರೆತಿರುವುದರಿಂದ ಅಲ್ಲಿ ನೀರಿನ ಸಾಂದ್ರತೆ ಕಡಿಮೆ. ಈಜು ಬಲ್ಲವರೂ ಅಲ್ಲಿ ಆಳಕ್ಕಿಳಿಯುತ್ತಾರೆ. ಧುಮ್ಮಿಕ್ಕಿದ ನೀರು ಸುಳಿಯಾಗಿ ಮತ್ತೆ ಗೋಡೆಯತ್ತಲೇ ಎಳೆಯುತ್ತದೆ.

ಮನೆಯೊಳಗೆ ನೀರು ಹೊಕ್ಕಾಗ ಗ್ಯಾಸ್ ಸಿಲಿಂಡರಿನತ್ತಲೂ ಗಮನವಿರಬೇಕು. 14.2 ಕಿಲೋ ಅನಿಲ ತುಂಬಿದ ಮನೆಬಳಕೆಯ ಸಿಲಿಂಡರ್ ಒಟ್ಟು ಸುಮಾರು 30 ಕಿಲೋ ತೂಗುತ್ತದೆ. ಅದು ಆಕ್ರಮಿಸುವ ಜಾಗ ಸುಮಾರು 35 ಲೀಟರ್. ಹಾಗಾಗಿ ತುಂಬಿದ ಸಿಲಿಂಡರ್ ಕೂಡ ತೇಲುತ್ತದೆ, ತೇಲುವಾಗ ಪೈಪು ಕಿತ್ತು ಅನಿಲ ಸೋರಬಹುದು. ಮನೆ ಬಿಡುವ ಮುನ್ನ ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ಸಿಲಿಂಡರನ್ನು ಭದ್ರವಾಗಿ ಕಟ್ಟುವುದು ಒಳಿತು. ನೀರಿನ ಖಾಲಿ ಟ್ಯಾಂಕುಗಳೂ ಇದೇ ರೀತಿ ಕಿತ್ತು ತೇಲಿಹೋಗುತ್ತವೆ. ತುಂಬಿಸಿಟ್ಟ ಟ್ಯಾಂಕ್ ತನ್ನ ಸ್ಥಳದಲ್ಲೇ ಉಳಿಯುತ್ತದೆ.

ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಈ ನಿಯಮ ಯಾರಿಗೂ ರಿಯಾಯಿತಿ ತೋರುವುದಿಲ್ಲ. ಲೀಟರ್ ನೀರಿಗೆ ಒಂದು ಕಿಲೋ ಆಸರೆ ಎಂಬುದು ಅದರ ಒಂದೇ ಸೂತ್ರ. ದೋಣಿಯ ಅಂಚು ನೀರಿನಿಂದ ಗೇಣುದ್ದ ಮೇಲಿರಲಿ, ಎಲ್ಲರೂ ಜಾಕೆಟ್ ತೊಟ್ಟು ತಳದಲ್ಲಿ ಕುಳಿತಿರಲಿ. ಮುಳುಗಿದ ಸೇತುವೆ ಎಷ್ಟೇ ಪರಿಚಿತವಾಗಿರಲಿ, ನೀರು ಇಳಿಯುವವರೆಗೆ ಈ ದಡದಲ್ಲೇ ಕಾಯುವುದು ಲೇಸು.